ಬಡಗಿಯ ಎಡಗೈ ಮತ್ತು ಮಾಲೀಕನ ಪಾಲಿಸಿ: ಒಂದು ಪ್ರಕರಣ ಅಧ್ಯಯನ

1968ರ ಜುಲೈ 6ರಂದು ಒಡಿಶಾದ ಒಂದು ಚಿತ್ರಮಂದಿರದಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದ. ಗಾಯ ಎಂಥದ್ದಿತ್ತೆಂದರೆ ಎಡಗೈಯನ್ನು ಮೊಣಕೈಯ ಬಳಿ ಕತ್ತರಿಸಿ ತೆಗೆಯಬೇಕಾಯಿತು. ವಯಸ್ಸು ಸುಮಾರು 30, ತಿಂಗಳ ಕೂಲಿ 120 ರೂಪಾಯಿ. ಪರಿಹಾರ ಕೇಳಿ ಅವನು ಮಾಲೀಕರಿಗೆ ನೋಟಿಸು ಕಳುಹಿಸಿದ. ಆಗಸ್ಟ್ 21ರಂದು ಉತ್ತರ ಹೊರಟಿತು. ಅದರ ಸಾರ ಇಷ್ಟು: ನೀನು ನಮ್ಮ ಕೆಲಸಗಾರನಲ್ಲ, ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಗುತ್ತಿಗೆದಾರ, ಬಿದ್ದದ್ದೂ ನಿನ್ನದೇ ಅಜಾಗರೂಕತೆಯಿಂದ.

ಅಲ್ಲಿಂದ ಶುರುವಾದ ವ್ಯಾಜ್ಯ ಕಾರ್ಮಿಕ ಪರಿಹಾರ ಆಯುಕ್ತರನ್ನು ದಾಟಿ, ಒಡಿಶಾ ಹೈಕೋರ್ಟನ್ನು ದಾಟಿ, 1975ರ ಡಿಸೆಂಬರ್ 4ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠದಲ್ಲಿ ಮುಗಿಯಿತು. ಮಾಲೀಕರು ಎಲ್ಲ ಹಂತಗಳಲ್ಲೂ ಸೋತರು. ಮಾಲೀಕರ ಹೆಸರಿನಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ವಕೀಲರು ಇಂದಿಗೂ ಉದ್ಧರಿಸುವುದು ಇದನ್ನೇ. ಕೈ ಹೋದ ದಿನದಿಂದ ಲೆಕ್ಕ ಹಾಕಿದರೆ ಏಳು ವರ್ಷ ಐದು ತಿಂಗಳು.

ಕಾರ್ಮಿಕ ಕಾನೂನು ಓದುವವರು ಈ ತೀರ್ಪನ್ನು ಒಂದೇ ಒಂದು ವಾಕ್ಯಕ್ಕಾಗಿ ನೆನಪಿಟ್ಟುಕೊಳ್ಳುತ್ತಾರೆ: ಪರಿಹಾರ ಕೊಡುವ ಹೊಣೆ ಅಪಘಾತವಾದ ಕ್ಷಣದಲ್ಲೇ ಹುಟ್ಟುತ್ತದೆ, ಆಯುಕ್ತರು ಆದೇಶ ಬರೆದ ದಿನವಲ್ಲ. ನನ್ನ ಆಸಕ್ತಿ ಇನ್ನೊಂದು ಕಡೆಗಿದೆ. ಕೆಲಸಗಾರರನ್ನು ಇಟ್ಟುಕೊಂಡಿರುವ ಸಣ್ಣ ಉದ್ದಿಮೆದಾರರು 'ವರ್ಕ್‌ಮೆನ್ ಪಾಲಿಸಿ ಇದೆ, ಇನ್ನೇನು ಚಿಂತೆ' ಎನ್ನುವಾಗಲೆಲ್ಲ ನನಗೆ ಈ ಬಡಗಿ ನೆನಪಾಗುತ್ತಾನೆ. ತೀರ್ಪಿನಲ್ಲಿ ವಿಮಾ ಕಂಪನಿಯ ಸುಳಿವಿಲ್ಲ. ಇಡೀ ಜಗಳ ಮಾಲೀಕರದು ಮತ್ತು ಬಡಗಿಯದು. ಹಾಗಾದರೆ ಆ ಚಿತ್ರಮಂದಿರಕ್ಕೆ ಇಂದು ಮಾರುಕಟ್ಟೆಯಲ್ಲಿ ಸಿಗುವಂಥ ನೌಕರರ ಪರಿಹಾರ ಪಾಲಿಸಿಯೊಂದು ಇದ್ದಿದ್ದರೆ ಏನಾಗುತ್ತಿತ್ತು? ಪ್ರಕರಣವನ್ನು ಹಂತಹಂತವಾಗಿ ಆ ಪಾಲಿಸಿಯ ಮೂಲಕ ಹಾಯಿಸಿ ನೋಡೋಣ. ಬಡಗಿ ಪಾಲಿಸಿಯೊಳಗೆ ಸೇರಿದ್ದರೆ, ಅಸಲಿನ ಅಂದರೆ ಮೂಲ ಪರಿಹಾರದ ಮಟ್ಟಿಗೆ ಪಾಲಿಸಿ ಮಾಲೀಕರನ್ನು ಉಳಿಸುತ್ತಿತ್ತು. ಅವರ ಹಟದಿಂದ ಅವರನ್ನು ಉಳಿಸುತ್ತಿರಲಿಲ್ಲ.

ಮೊದಲ ವಾದ: ಅವನು ನಮ್ಮವನೇ ಅಲ್ಲ

ಬಡಗಿ 'ಕ್ಯಾಶುಯಲ್ ಗುತ್ತಿಗೆದಾರ' ಎಂಬ ವಾದಕ್ಕೆ 1968ರಲ್ಲಿ ಕಾನೂನಿನೊಳಗೆ ಒಂದು ಸಂದಿಯಿತ್ತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲಿದ್ದ (2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದದ್ದು ಇದೇ, ಮುಂದೆ ಹೇಳುವ ಕಲಂಗಳೂ ಇದರವೇ) ಕೆಲಸಗಾರನ ವ್ಯಾಖ್ಯೆ, ಬಿಡಿಯಾಗಿ ಬಂದು ಮಾಲೀಕನ ವ್ಯಾಪಾರಕ್ಕೆ ಸಂಬಂಧಿಸದ ಕೆಲಸ ಮಾಡುವವರನ್ನು ಹೊರಗಿಡುತ್ತಿತ್ತು. ಸಿನಿಮಾ ತೋರಿಸುವುದು ವ್ಯಾಪಾರ, ಗೋಡೆಗೆ ಮರದ ಅಲಂಕಾರ ಮಾಡಿಸುವುದು ವ್ಯಾಪಾರವಲ್ಲ ಎಂದು ಯಾರಾದರೂ ಎಳೆಯಬಹುದಿತ್ತು. ಆದರೂ ವಾದ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಸುಳ್ಳು ವಾದವೆಂದೇ ಕರೆಯಿತು. 2000ದ ತಿದ್ದುಪಡಿ ಆ ಸಂದಿಯನ್ನೂ ಮುಚ್ಚಿತು. ದಿನಗೂಲಿಯವನು, ವಾರಕ್ಕೆ ಬಂದವನು, ಮಸ್ಟರ್ ರೋಲ್‌ನಲ್ಲಿ ಹೆಸರಿಲ್ಲದವನು ಎಂಬ ಕಾರಣಕ್ಕೇ ಯಾರನ್ನೂ ಹೊರಗೆ ನಿಲ್ಲಿಸಲು ಈಗ ಬರುವುದಿಲ್ಲ.

ಇನ್ನು, ಬಡಗಿ ನಿಜವಾಗಿಯೂ ಯಾವುದೋ ಮೇಸ್ತ್ರಿಯ ಕೈಕೆಳಗೆ ಬಂದಿದ್ದ ಎಂದೇ ಇಟ್ಟುಕೊಳ್ಳಿ. 1923ರ ಕಾಯ್ದೆಯ 12ನೇ ಕಲಂ ಅದಕ್ಕೂ ಉತ್ತರ ಇಟ್ಟಿತ್ತು. ನಿಮ್ಮ ವ್ಯಾಪಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ, ಗುತ್ತಿಗೆದಾರನ ಆಳಿಗೆ ಪೆಟ್ಟಾದಾಗ ಮೊದಲು ನೀವೇ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ನಿಮಗೆ ಬಿಟ್ಟದ್ದು. ಒಂದು ಕೋಣೆಯ ಮನೆಯಲ್ಲಿದ್ದುಕೊಂಡು ಹತ್ತು ಜನರನ್ನು ಕರೆತರುವ ಮೇಸ್ತ್ರಿಯಿಂದ ಲಕ್ಷಗಟ್ಟಲೆ ಹಣ ವಸೂಲು ಮಾಡುವುದು ಹೇಗೆಂದು ಕಾನೂನು ಹೇಳುವುದಿಲ್ಲ.

ಪಾಲಿಸಿ ತಪ್ಪುವುದು ಸರಿಯಾಗಿ ಇಲ್ಲಿಯೇ. ಈ ಬಗೆಯ ಪಾಲಿಸಿಯ ಜೊತೆಗೆ ಒಂದು ಅನುಸೂಚಿ ಇರುತ್ತದೆ. ಅದರಲ್ಲಿ ಮೂರು ಕಾಲಂಗಳು ಮುಖ್ಯ: ಕೆಲಸದ ವಿವರ, ಜನರ ಸಂಖ್ಯೆ, ಒಟ್ಟು ಕೂಲಿ. ಚಿತ್ರಮಂದಿರದ ಮಾಲೀಕರು ಅದನ್ನು ಹೇಗೆ ತುಂಬಿರುತ್ತಿದ್ದರು? ಪ್ರೊಜೆಕ್ಟರ್ ನಡೆಸುವವರು ಇಬ್ಬರು, ಟಿಕೆಟ್ ಕೊಡುವವರು, ಬಾಗಿಲು ಕಾಯುವವರು, ಕಸ ಗುಡಿಸುವವರು. ಅಲಂಕಾರಕ್ಕೆಂದು ಬಂದ ಬಡಗಿ ಅಲ್ಲಿ ಎಲ್ಲೂ ಇರುವುದಿಲ್ಲ. ಗುತ್ತಿಗೆದಾರರ ಆಳುಗಳನ್ನು ಸೇರಿಸಲು ಪ್ರತ್ಯೇಕ ವಿಸ್ತರಣೆ ಬೇಕು, ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಬೇಕು. ಏಜೆಂಟ್ ಕೇಳದಿದ್ದರೆ ಮಾಲೀಕ ಹೇಳುವುದಿಲ್ಲ. ಮಾಲೀಕ ಹೇಳದಿದ್ದರೆ ಏಜೆಂಟ್ ಕೇಳುವುದಿಲ್ಲ. ಹೀಗಾಗಿ ಕಾನೂನಿನ ಕಣ್ಣಿಗೆ ಬಡಗಿ ನಿಮ್ಮವನು, ಪಾಲಿಸಿಯ ಕಣ್ಣಿಗೆ ಯಾರೋ. ಇವೆರಡರ ನಡುವಿನ ಅಂತರವನ್ನು ಮಾಲೀಕನ ಜೇಬೇ ತುಂಬಬೇಕು.

ನನ್ನನ್ನು ಕೇಳಿದರೆ ಪಾಲಿಸಿಯ ನವೀಕರಣದ ಹೊತ್ತಿನಲ್ಲಿ ನೋಡಬೇಕಾದ ಮೊದಲ ಕಾಗದ ಹಾಜರಿ ಪುಸ್ತಕವಲ್ಲ, ವರ್ಷದ ಪೇಮೆಂಟ್ ವೋಚರುಗಳು. ಬಣ್ಣದವನಿಗೆ, ವೆಲ್ಡರ್‌ಗೆ, ಛಾವಣಿಯ ಶೀಟು ಬದಲಾಯಿಸಿದವನಿಗೆ, ಲೋಡು ಇಳಿಸಿದ ಹಮಾಲರಿಗೆ ಹಣ ಕೊಟ್ಟ ವೋಚರುಗಳಲ್ಲಿ ನಿಜವಾದ ಕೆಲಸಗಾರರ ಪಟ್ಟಿ ಸಿಗುತ್ತದೆ. ಎತ್ತರದಲ್ಲಿ ನಿಂತು ಕೆಲಸ ಮಾಡುವವರು ಬಹುಮಟ್ಟಿಗೆ ಈ ವೋಚರಿನವರೇ.

ಎರಡನೆಯ ವಾದ: ತಪ್ಪು ಅವನದೇ

ಇದನ್ನು ಬೇಗ ಮುಗಿಸಬಹುದು. ಕೆಲಸಗಾರನ ಅಜಾಗರೂಕತೆ ಈ ಕಾನೂನಿನಡಿ ಮಾಲೀಕನಿಗೆ ರಕ್ಷಣೆಯೇ ಅಲ್ಲ. ಕುಡಿದಿದ್ದ, ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ, ರಕ್ಷಣಾ ಸಾಧನವನ್ನು ಬೇಕೆಂದೇ ಕಿತ್ತು ಹಾಕಿದ ಎಂಬ ಮೂರು ವಿನಾಯಿತಿಗಳಿವೆ. ಅವು ಕೂಡ ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ಅನ್ವಯಿಸುವುದಿಲ್ಲ. ಅಂದರೆ ಪೆಟ್ಟು ದೊಡ್ಡದಾದಷ್ಟೂ ಮಾಲೀಕನ ಬಳಿ ಇರುವ ವಾದಗಳು ಕಡಿಮೆಯಾಗುತ್ತವೆ.

ತಪ್ಪು ಯಾರದು ಎಂಬ ಪ್ರಶ್ನೆಗೆ ಬೆಲೆ ಬರುವುದು ಕೆಲಸಗಾರ ಆಯುಕ್ತರ ಬಳಿ ಹೋಗದೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ ಹೂಡಿದಾಗ. ಅಲ್ಲಿ ಮಾಲೀಕನ ಅಲಕ್ಷ್ಯವನ್ನು ಸಾಬೀತು ಮಾಡಬೇಕು, ಆದರೆ ಮೊತ್ತಕ್ಕೆ ಕೋಷ್ಟಕದ ಮಿತಿಯಿಲ್ಲ. ಎರಡೂ ಕಡೆ ಏಕಕಾಲಕ್ಕೆ ಹೋಗಲು ಕಾನೂನು ಬಿಡುವುದಿಲ್ಲ. ಒಳ್ಳೆಯ ಪಾಲಿಸಿ ಈ ಎರಡೂ ದಾರಿಗಳನ್ನು ಹಿಡಿದಿರುತ್ತದೆ. ಹಳೆಯ ಪಾಲಿಸಿಗಳಲ್ಲಿ ಇವನ್ನು ಟೇಬಲ್ ಎ, ಟೇಬಲ್ ಬಿ ಎಂದು ಕರೆಯುತ್ತಿದ್ದರು: ಎ ತೆಗೆದುಕೊಂಡರೆ ಕಾಯ್ದೆಯ ಪರಿಹಾರವೂ ಸಿವಿಲ್ ಹೊಣೆಯೂ ಸೇರುತ್ತದೆ, ಬಿ ತೆಗೆದುಕೊಂಡರೆ ಸಿವಿಲ್ ಹೊಣೆ ಮಾತ್ರ. ಕಾಯ್ದೆಯಡಿ ಬರುವ ಕೆಲಸಗಾರರಿರುವ ಅಂಗಡಿಗೆ ಬಿ ಕೊಂಡರೆ ಬಾಗಿಲಿಲ್ಲದ ಮನೆಗೆ ಬೀಗ ಕೊಂಡಂತೆ.

ಮೂರನೆಯ ವಾದ: ಒಂದು ಕೈ ತಾನೇ

ಆಯುಕ್ತರ ಆದೇಶದಲ್ಲಿ ನನಗೆ ಬಹಳ ಹಿಡಿಸುವ ಭಾಗ ಇದು. 1969ರ ಮೇ 6ರ ಆ ಆದೇಶದಲ್ಲಿ ಅವರು ಬರೆದ ಕಾರಣ ತೀರ ಸರಳ: ಬಡಗಿತನವನ್ನು ಒಂದೇ ಕೈಯಲ್ಲಿ ಮಾಡಲು ಆಗುವುದಿಲ್ಲ. ಉಳಿಯನ್ನು ಒಂದು ಕೈ ಹಿಡಿಯಬೇಕು, ಕೊಡತಿಯನ್ನು ಇನ್ನೊಂದು ಕೈ ಬೀಸಬೇಕು. ಹಲಗೆಯನ್ನು ಒತ್ತಿ ಹಿಡಿಯದೆ ಗರಗಸ ಎಳೆಯಲು ಬಾರದು. ಎಡಗೈ ಹೋದವನಿಗೆ ಬಲಗೈ ಉಳಿದಿದೆ ಎನ್ನುವುದು ವೈದ್ಯರ ಲೆಕ್ಕ. ಅವನು ಅದರಲ್ಲಿ ದುಡಿಯಲಾರ ಎನ್ನುವುದು ಕಾನೂನಿನ ಲೆಕ್ಕ. ಗಳಿಕೆಯ ಶಕ್ತಿ ನೂರಕ್ಕೆ ನೂರು ಹೋಯಿತೆಂದು ಆಯುಕ್ತರು ತೀರ್ಮಾನಿಸಿದರು. ಸುಪ್ರೀಂ ಕೋರ್ಟ್ ಅದನ್ನು ಸರಿಯಾದ ತೀರ್ಮಾನವೆಂದು ಎತ್ತಿಹಿಡಿಯಿತು.

ಮಾಲೀಕರ ಪರ ವಕೀಲರು ಕೊನೆಯ ಹಂತದಲ್ಲಿ ಕಾಯ್ದೆಯ ಮೊದಲ ಅನುಸೂಚಿಯ ಕಡೆ ಬೆರಳು ತೋರಿಸಿದರು. ಅದರ ಎರಡನೆಯ ಭಾಗದಲ್ಲಿ ಕೈ ಎಲ್ಲಿಂದ ತುಂಡಾಗಿದೆ ಎಂಬುದರ ಮೇಲೆ ಶೇಕಡಾವಾರು ನಷ್ಟ ಬರೆದಿದೆ. ಭುಜದ ಕೀಲಿನಲ್ಲಿ ಹೋದರೆ 90. ಭುಜದ ತುದಿಯಿಂದ ಎಂಟು ಇಂಚಿನ ಕೆಳಗಿನಿಂದ ಹಿಡಿದು ಮೊಣಕೈಯ ತುದಿಯಿಂದ ನಾಲ್ಕೂವರೆ ಇಂಚಿನೊಳಗೆ ಹೋದರೆ 70. ಇಂಚುಪಟ್ಟಿ ಹಿಡಿದು ಮಾಡುವ ಈ ವಾದವನ್ನು ಆಯುಕ್ತರ ಮುಂದೆ ಎತ್ತಿರಲಿಲ್ಲವಾದ್ದರಿಂದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಪರಿಹಾರ 9,800 ರೂಪಾಯಿ, ಅದರ ಅರ್ಧದಷ್ಟು ಅಂದರೆ 4,900 ರೂಪಾಯಿ ದಂಡ. ಒಟ್ಟು 14,700, ಜೊತೆಗೆ ಶೇಕಡಾ 6ರ ಬಡ್ಡಿ. ಈ ಮೊತ್ತ ಇಂದು ಯಾರನ್ನೂ ಹೆದರಿಸುವುದಿಲ್ಲ, ಆದ್ದರಿಂದ ಇದೇ ಬಡಗಿಯನ್ನು ಇಂದಿನ ಲೆಕ್ಕಕ್ಕೆ ತರೋಣ. 2020ರ ಜನವರಿ 3ರ ಅಧಿಸೂಚನೆಯಲ್ಲಿ ಪರಿಹಾರದ ಲೆಕ್ಕಕ್ಕೆ ಹಿಡಿಯುವ ಮಾಸಿಕ ಕೂಲಿಯ ಮಿತಿ 15,000 ರೂಪಾಯಿಗೆ ಏರಿತು; ಅದಕ್ಕೆ ಮೊದಲು 8,000 ಇತ್ತು. ಪೂರ್ಣ ಅಂಗವೈಕಲ್ಯಕ್ಕೆ ಕೂಲಿಯ ಶೇಕಡಾ 60ನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. 30ರ ವಯಸ್ಸಿಗೆ 1923ರ ಕಾಯ್ದೆ ಕೊಡುತ್ತಿದ್ದ ಗುಣಾಂಕ 207.98. 15,000ದ ಶೇಕಡಾ 60, ಅಂದರೆ ಒಂಬತ್ತು ಸಾವಿರವನ್ನು ಅದರಿಂದ ಗುಣಿಸಿದರೆ 18,71,820 ರೂಪಾಯಿ. ಇಂಚುಪಟ್ಟಿಯ ವಾದ ಗೆದ್ದು ಶೇಕಡಾ 70 ಎಂದಾಗಿದ್ದರೆ 13,10,274. ವ್ಯತ್ಯಾಸ ಐದೂವರೆ ಲಕ್ಷಕ್ಕೂ ಮಿಗಿಲು. ಇಂಥ ವ್ಯತ್ಯಾಸ ಇರುವವರೆಗೆ ವಿಮಾ ಕಂಪನಿಯ ವೈದ್ಯರಿಗೂ ಕೆಲಸಗಾರನ ಪರ ವೈದ್ಯರಿಗೂ ಶೇಕಡಾವಾರಿನ ಬಗ್ಗೆ ಒಮ್ಮತ ಬರುವುದು ಕಷ್ಟ.

2009ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕ ಕೊಡಬೇಕು. ಕಾನೂನಿನಲ್ಲಿ ಅದಕ್ಕೆ ಮಿತಿಯಿಲ್ಲ. ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದೂ ಹೆಚ್ಚುವರಿ ಪ್ರೀಮಿಯಂ ಕೊಟ್ಟು ವಿಸ್ತರಣೆ ಪಡೆದಿದ್ದರೆ.

ಕೂಲಿ ಕಡಿಮೆ ತೋರಿಸುವ ಚಾಳಿಯ ಬಗ್ಗೆ ಇಲ್ಲಿಯೇ ಒಂದು ಮಾತು. ಪ್ರೀಮಿಯಂ ನಿಂತಿರುವುದು ಮಾಲೀಕ ಘೋಷಿಸಿದ ವಾರ್ಷಿಕ ಕೂಲಿಯ ಮೇಲೆ. ವರ್ಷದ ಕೊನೆಗೆ ನಿಜವಾದ ಕೂಲಿಯ ಲೆಕ್ಕ ಕೊಟ್ಟು ಹೊಂದಾಣಿಕೆ ಮಾಡಿಕೊಳ್ಳಬೇಕು. ಬಡಗಿಗೆ ತಿಂಗಳಿಗೆ 15,000 ಕೊಡುತ್ತ 9,000 ಎಂದು ಬರೆಸಿದರೆ ಪ್ರೀಮಿಯಂನಲ್ಲಿ ಉಳಿಯುವುದು ಚಿಲ್ಲರೆ ಹಣ. ಆಯುಕ್ತರು ಲೆಕ್ಕ ಹಾಕುವುದು ಸಾಕ್ಷ್ಯದಲ್ಲಿ ಸಾಬೀತಾದ ಕೂಲಿಯ ಮೇಲೆ. ಕಂಪನಿ ಘೋಷಿತ ಕೂಲಿಗೆ ತಕ್ಕಷ್ಟೇ ಕೊಡುತ್ತೇನೆಂದು ಹಿಡಿದು ಕುಳಿತರೆ ಅದರ ಪಾಲು 11,23,092ಕ್ಕೆ ನಿಲ್ಲುತ್ತದೆ. ಉಳಿದ 7,48,728 ಮಾಲೀಕನದು. ಬ್ಯಾಂಕ್ ಮೂಲಕ ಒಂದಷ್ಟು, ಕೈಯಲ್ಲಿ ಒಂದಷ್ಟು ಎಂದು ಕೂಲಿ ಕೊಡುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಆ ಒಪ್ಪಂದದ ಕಾಗದ

ಈ ಪ್ರಕರಣದಲ್ಲಿ ಹೆಚ್ಚು ಪ್ರಚಾರಕ್ಕೆ ಬಾರದ ಒಂದು ಸಂಗತಿಯಿದೆ. ಬಡಗಿ ಖುದ್ದಾಗಿ ಹೋಗಿ ಕೇಳಿದರೂ ಮಾಲೀಕರು ಕಿವಿಗೊಡಲಿಲ್ಲ. ಅವನು ಆಯುಕ್ತರಿಗೆ ಅರ್ಜಿ ಹಾಕಿದ ಮೇಲೆ ಮಾಲೀಕರು ಮೊದಲು ನಿಮಗೆ ಅಧಿಕಾರವೇ ಇಲ್ಲ ಎಂದರು. ಅದೂ ಸಾಗದಿದ್ದಾಗ ಬಡಗಿಯನ್ನು ಒಲಿಸಿ ಒಂದು ರಾಜಿ ಒಪ್ಪಂದದ ಕಾಗದವನ್ನು ಅವನಿಂದಲೇ ಸಲ್ಲಿಸುವಂತೆ ಮಾಡಿದರು. ಅದರಲ್ಲಿದ್ದ ಮೊತ್ತ ಎಷ್ಟು ಅಲ್ಪವಾಗಿತ್ತೆಂದರೆ ಆಯುಕ್ತರು ಅದನ್ನು ತಿರಸ್ಕರಿಸಿದರು. ದಂಡ ಸರಿಯೇ ಎಂದು ಹೇಳುವಾಗ ಸುಪ್ರೀಂ ಕೋರ್ಟ್ ಈ ನಡವಳಿಕೆಯನ್ನೆಲ್ಲ ಒಂದೊಂದಾಗಿ ಎಣಿಸಿತು.

ಛಾಪಾ ಕಾಗದದ ಮೇಲೆ 'ಪೂರ್ಣ ಪರಿಹಾರ ಪಡೆದಿದ್ದೇನೆ, ಮುಂದೆ ಯಾವ ತಕರಾರೂ ಇಲ್ಲ' ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ನಿಶ್ಚಿಂತರಾಗುವ ಮಾಲೀಕರು ಇಂದಿಗೂ ಕಡಿಮೆಯಿಲ್ಲ. 1923ರ ಕಾಯ್ದೆಯ 28ನೇ ಕಲಮಿನ ಪ್ರಕಾರ ಇಂಥ ಒಪ್ಪಂದ ಆಯುಕ್ತರ ಬಳಿ ನೋಂದಣಿಯಾಗಬೇಕು. ಮೊತ್ತ ಸಾಲದು ಎನಿಸಿದರೆ ಅವರು ನೋಂದಾಯಿಸುವುದಿಲ್ಲ. ಕಳುಹಿಸದೇ ಇಟ್ಟುಕೊಂಡರೆ ಇನ್ನೂ ಕೆಟ್ಟದ್ದು. ಪೂರ್ಣ ಪರಿಹಾರದ ಹೊಣೆ ಹಾಗೆಯೇ ಉಳಿಯುತ್ತದೆ, ಈಗಾಗಲೇ ಕೊಟ್ಟ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಲು ಆಯುಕ್ತರ ಅಪ್ಪಣೆಯಿಲ್ಲದೆ ಬರುವುದಿಲ್ಲ. ಸಾವಿನ ಪ್ರಕರಣದಲ್ಲಂತೂ ಪರಿಹಾರ ಆಯುಕ್ತರ ಮೂಲಕವೇ ಹೋಗಬೇಕು. ಮನೆಯವರ ಕೈಗೆ ನೇರವಾಗಿ ಎಣಿಸಿ ಕೊಟ್ಟದ್ದು ಪರಿಹಾರವೆಂದು ಗಣನೆಗೆ ಬರುವುದಿಲ್ಲ. ಕೆಲಸಗಾರ ತನ್ನ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅನೂರ್ಜಿತ.

ಪಾಲಿಸಿಯಿದ್ದ ಮಾಲೀಕನಿಗೆ ಈ ಕಾಗದ ಎರಡು ಅಲಗಿನದು. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಯಾವ ಮೊತ್ತವನ್ನೂ ಕೊಡುತ್ತೇನೆಂದು ಮಾತು ಕೊಡಬಾರದು ಎಂಬ ಷರತ್ತು ಈ ಪಾಲಿಸಿಗಳಲ್ಲಿ ಸಾಮಾನ್ಯ. ಆಯುಕ್ತರ ಮುಂದೆ ಬೆಲೆಯಿಲ್ಲದ ಅದೇ ರಾಜಿಪತ್ರ ವಿಮಾ ಕಂಪನಿಯ ಕೈಯಲ್ಲಿ ಕ್ಲೇಮು ನಿರಾಕರಿಸಲು ಒಳ್ಳೆಯ ದಾಖಲೆಯಾಗುತ್ತದೆ.

ಒಂದು ತಿಂಗಳು

ಈಗ ಪ್ರಕರಣದ ತಿರುಳಿಗೆ ಬರೋಣ. ಹೊಣೆ ಅಪಘಾತದ ಕ್ಷಣದಲ್ಲೇ ಹುಟ್ಟುತ್ತದೆ ಎಂಬ ತೀರ್ಪು ಮೇಲ್ನೋಟಕ್ಕೆ ತತ್ತ್ವದ ಮಾತಿನಂತೆ ಕಂಡರೂ ಅದರ ಪರಿಣಾಮ ಬರೀ ಹಣದ್ದು. 1923ರ ಕಾಯ್ದೆಯ 4ಎ ಕಲಮಿನಡಿ, ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿ ಬೀಳುತ್ತದೆ. ಆಗಿನ ಶೇಕಡಾ 6 ಈಗ 12. ವಿಳಂಬಕ್ಕೆ ಸಮರ್ಥನೆಯಿಲ್ಲವೆಂದು ಕಂಡರೆ, ಮಾಲೀಕನ ಮಾತು ಕೇಳಿದ ಮೇಲೆ, ಪರಿಹಾರದ ಅರ್ಧದವರೆಗೆ ದಂಡ. ಎಷ್ಟು ಕೊಡಬೇಕೆಂಬ ತಕರಾರಿದ್ದರೆ ಒಪ್ಪಿಕೊಂಡಷ್ಟನ್ನಾದರೂ ತಾತ್ಕಾಲಿಕವಾಗಿ ಕೊಡಲೇಬೇಕು ಎಂದು ಅದೇ ಕಲಂ ಹೇಳುತ್ತದೆ. ಚಿತ್ರಮಂದಿರದ ಮಾಲೀಕರು ಅದನ್ನೂ ಕೊಡಲಿಲ್ಲ.

ನಡುವೆ ಸುಪ್ರೀಂ ಕೋರ್ಟಿನದೇ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು 2007ರಲ್ಲೂ 2009ರಲ್ಲೂ ಬಡ್ಡಿ ಆಯುಕ್ತರ ಆದೇಶದ ದಿನದಿಂದ ಎಂದು ಹೇಳಿಬಿಟ್ಟವು. ನಾಲ್ವರ ಪೀಠದ ತೀರ್ಪು ಇರುವಾಗ ಅವಕ್ಕೆ ಬಂಧಕ ಬಲವಿಲ್ಲವೆಂದು 2012ರಲ್ಲಿ ಸಿಬಿ ಜಾರ್ಜ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಗಡಿಯಾರ ಮತ್ತೆ ಅಪಘಾತದ ದಿನಕ್ಕೇ ಹೋಗಿ ನಿಂತಿತು.

ಈ ಬಡ್ಡಿಯನ್ನೂ ದಂಡವನ್ನೂ ವಿಮಾ ಕಂಪನಿ ಕೊಡುತ್ತದೆಯೇ? ವಾಹನ ವಿಮೆಯ ವಿಷಯದಲ್ಲಿ ವೇದ ಪ್ರಕಾಶ್ ಗರ್ಗ್ ಪ್ರಕರಣದಲ್ಲಿ 1997ರಲ್ಲಿ ಉತ್ತರ ಬಂತು: ಅಸಲೂ ಬಡ್ಡಿಯೂ ಕಂಪನಿಯ ಮೇಲೆ, ದಂಡ ಮಾಲೀಕನ ಮೇಲೆ. ದಂಡ ಹುಟ್ಟುವುದು ಮಾಲೀಕನ ಸ್ವಂತ ತಪ್ಪಿನಿಂದ, ಅದಕ್ಕೆ ವಿಮೆಯ ಆಸರೆ ಸಿಗುವುದಿಲ್ಲ. ಆದರೆ ವಾಹನ ವಿಮೆಯ ಹಿಂದೆ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ಇದೆ. ಕಾರ್ಖಾನೆ, ವರ್ಕ್‌ಶಾಪ್, ಚಿತ್ರಮಂದಿರದ ಪಾಲಿಸಿಗೆ ಅಂಥ ಕಡ್ಡಾಯದ ಬೆಂಬಲವಿಲ್ಲ. ಅದು ಇಬ್ಬರ ನಡುವಿನ ಕರಾರು. ಹಾಗಾಗಿ ಬಡ್ಡಿಯನ್ನೂ ಹೊರಗಿಡುವ ಷರತ್ತು ಪಾಲಿಸಿಯಲ್ಲಿದ್ದರೆ ಅದು ಊರ್ಜಿತ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥ ಷರತ್ತು ಅಪರೂಪವಲ್ಲ.

ನಮ್ಮ ಬಡಗಿ ಪಾಲಿಸಿಯೊಳಗಿದ್ದ, ಬಡ್ಡಿಯನ್ನು ಹೊರಗಿಡುವ ಷರತ್ತೂ ಅದರಲ್ಲಿತ್ತು, ಪ್ರಕರಣ ಇಂದು ಆಯುಕ್ತರ ಮುಂದೆ ಮೂರು ವರ್ಷ ನಡೆಯಿತು ಎಂದು ಭಾವಿಸೋಣ. ಬಡ್ಡಿ ವರ್ಷಕ್ಕೆ 2,24,618 ರೂಪಾಯಿಯಂತೆ ಮೂರು ವರ್ಷಕ್ಕೆ ಸುಮಾರು 6,73,855. ದಂಡ ಗರಿಷ್ಠ ಎಂದರೆ 9,35,910. ಎರಡೂ ಸೇರಿ 16 ಲಕ್ಷ ದಾಟುತ್ತದೆ. ಅಸಲು 18.7 ಲಕ್ಷವನ್ನು ಕಂಪನಿ ಕೊಟ್ಟಿತು. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಮೊತ್ತವನ್ನು ಪಾಲಿಸಿಯಿದ್ದ ಮಾಲೀಕನೇ ತೆರುತ್ತಾನೆ. ಪಾಲಿಸಿ ಇದೆಯೆಂಬ ಧೈರ್ಯದಲ್ಲಿ ಕೈಕಟ್ಟಿ ಕುಳಿತದ್ದಕ್ಕೆ ತಗಲುವ ಬೆಲೆ ಅದು.

ಇಲ್ಲಿ ಮಾಲೀಕನ ಕಷ್ಟವೂ ನಿಜವೇ. ಕಾನೂನು ತಿಂಗಳೊಳಗೆ ಕೊಡು ಎನ್ನುತ್ತದೆ. ಪಾಲಿಸಿ ನಮ್ಮನ್ನು ಕೇಳದೆ ಏನನ್ನೂ ಒಪ್ಪಿಕೊಳ್ಳಬೇಡ ಎನ್ನುತ್ತದೆ. ಕಂಪನಿಯ ತನಿಖಾಧಿಕಾರಿ ಬರುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ. ಹಾಜರಿ ಪುಸ್ತಕ, ಕೂಲಿ ರಿಜಿಸ್ಟರ್, ಆಸ್ಪತ್ರೆಯ ಕಾಗದ, ಪೊಲೀಸ್ ದಾಖಲೆ ಎಂದು ಪಟ್ಟಿ ಬೆಳೆಯುತ್ತದೆ. 'ಕಂಪನಿಯವರು ನೋಡುತ್ತಿದ್ದಾರೆ' ಎಂಬ ಮಾತು ಕೆಲಸಗಾರನ ಮನೆಯವರಿಗೆ ಸಮಾಧಾನದಂತೆ ಕೇಳಿಸಬಹುದು, 4ಎ ಕಲಮಿಗೆ ಕೇಳಿಸುವುದಿಲ್ಲ.

ಈ ಇಕ್ಕಟ್ಟಿನಿಂದ ಹೊರಬರಲು ಇರುವ ದಾರಿ ಕಾಗದದ್ದು. ಅಪಘಾತದ ದಿನವೇ, ತಪ್ಪಿದರೆ ಮರುದಿನ, ಕಂಪನಿಗೆ ಲಿಖಿತ ಸೂಚನೆ ಹೋಗಬೇಕು. ಏಜೆಂಟನಿಗೆ ಮಾಡಿದ ಫೋನು ಸೂಚನೆಯಲ್ಲ. ಸಾವು ಅಥವಾ ಗಂಭೀರ ಗಾಯವಾಗಿದ್ದರೆ ಏಳು ದಿನದೊಳಗೆ ಆಯುಕ್ತರಿಗೆ ವರದಿ ಕೊಡುವುದು ಹೇಗೂ ಕಾನೂನಿನ ಕಟ್ಟಳೆ. ವಾರದೊಳಗೆ ಕಂಪನಿಗೆ ಎರಡನೆಯ ಪತ್ರ: ಇಂಥ ದಿನಕ್ಕೆ ತಿಂಗಳು ತುಂಬುತ್ತದೆ, ನಮ್ಮ ಲೆಕ್ಕದಂತೆ ನಿರ್ವಿವಾದವಾದ ಮೊತ್ತ ಇಷ್ಟು, ಅದನ್ನು ಆಯುಕ್ತರ ಬಳಿ ಠೇವಣಿ ಇಡಲು ಒಪ್ಪಿಗೆ ಕೊಡಿ, ತಡವಾದರೆ ಬೀಳುವ ಬಡ್ಡಿಗೆ ನಿಮ್ಮ ವಿಳಂಬವೇ ಕಾರಣವಾಗುತ್ತದೆ. ಕಂಪನಿ ಒಪ್ಪಿದರೆ ಸರಿ. ಒಪ್ಪದಿದ್ದರೂ ಆ ಪತ್ರದ ಸ್ವೀಕೃತಿ ಮುಂದೆ ಆಯುಕ್ತರ ಮುಂದೆ ಮಾಲೀಕನ ಪರವಾಗಿ ಮಾತನಾಡುತ್ತದೆ, ಏಕೆಂದರೆ ದಂಡ ಬೀಳುವುದು ಸಮರ್ಥನೆಯಿಲ್ಲದ ವಿಳಂಬಕ್ಕೆ. 1968ರ ಆಗಸ್ಟ್ 21ರ ಪತ್ರ ಮಾಲೀಕರ ವಿರುದ್ಧವೇ ಸಾಕ್ಷಿ ಹೇಳಿತು. ಈ ಪತ್ರ ಅವರ ಪರವಾಗಿ ಹೇಳುತ್ತಿತ್ತು.

ಪಾಲಿಸಿಯೇ ಬೇಡವಾಗುವ ಸಂದರ್ಭ, ಮತ್ತು ಈಗಿನ ಕಾನೂನು

ಎಲ್ಲರಿಗೂ ಈ ಪಾಲಿಸಿ ಬೇಕೆಂದಿಲ್ಲ. ಹತ್ತು ಅಥವಾ ಹೆಚ್ಚು ಜನರಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಕೂಲಿ ಪಡೆಯುವವರಿಗೆ ಪೆಟ್ಟಾದರೆ ಪಿಂಚಣಿಯ ರೂಪದ ಸೌಲಭ್ಯ ಇಎಸ್‌ಐ ನಿಗಮದ್ದು; ಅವರು ಮಾಲೀಕನ ಮೇಲೆ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ವಂತಿಗೆ ಕೂಲಿಯ ಶೇಕಡಾ 4, ಅದರಲ್ಲಿ ಮಾಲೀಕನ ಪಾಲು 3.25. ಹಾಗಿದ್ದರೂ 21,000 ಮೀರಿದ ಸೂಪರ್‌ವೈಸರ್, ಇಎಸ್‌ಐ ಸಂಖ್ಯೆಯಿಲ್ಲದೆ ಗುತ್ತಿಗೆಯಲ್ಲಿ ಬಂದ ಬಡಗಿ ಇಬ್ಬರೂ ಹೊರಗೇ ಉಳಿಯುತ್ತಾರೆ. ಪಾಲಿಸಿ ಬೇಕಿರುವುದು ಈ ಉಳಿದವರಿಗೆ.

ಬ್ರಿಟನ್ನಿನಲ್ಲಿ 1969ರ ಕಾಯ್ದೆಯಿಂದ ಮಾಲೀಕರ ಹೊಣೆಯ ವಿಮೆ ಕಡ್ಡಾಯವಾಗಿದೆ, ಅದೂ ಕನಿಷ್ಠ 50 ಲಕ್ಷ ಪೌಂಡಿಗೆ. ನಮ್ಮಲ್ಲಿ 1923ರ ಕಾಯ್ದೆ ಹೊಣೆಯನ್ನು ಹೊರಿಸಿತು, ವಿಮೆಯನ್ನು ಮಾಲೀಕನ ಇಷ್ಟಕ್ಕೆ ಬಿಟ್ಟಿತು. ಮಾಲೀಕ ದಿವಾಳಿಯಾದರೆ ಅವನ ಪಾಲಿಸಿಯ ಹಕ್ಕು ಕೆಲಸಗಾರನಿಗೆ ವರ್ಗವಾಗುತ್ತದೆ ಎಂಬ 14ನೇ ಕಲಂ ಏನೋ ಇತ್ತು, ಆದರೆ ಪಾಲಿಸಿಯೇ ಇಲ್ಲದ ಮಾಲೀಕ ದಿವಾಳಿಯಾದರೆ ವರ್ಗವಾಗಲು ಏನೂ ಇರುವುದಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಗ್ರಾಚ್ಯುಟಿ ಹಣಕ್ಕೆ ವಿಮೆಯನ್ನು ಕಡ್ಡಾಯಗೊಳಿಸಿತು. ಐದು ವರ್ಷ ದುಡಿದು ಕ್ಷೇಮವಾಗಿ ಮನೆಗೆ ಹೋಗುವವನ ಹಣಕ್ಕೆ ಕಡ್ಡಾಯ ವಿಮೆ, ಮೊದಲ ದಿನವೇ ಕೈ ಕಳೆದುಕೊಂಡವನ ಹಣಕ್ಕೆ ಐಚ್ಛಿಕ ವಿಮೆ: ಈ ವ್ಯವಸ್ಥೆಯ ತರ್ಕ ನನಗಂತೂ ಹೊಳೆಯುವುದಿಲ್ಲ.

2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ನೌಕರರ ಪರಿಹಾರದ ವಿಷಯ ಈಗ ಅದರ ಏಳನೇ ಅಧ್ಯಾಯದಲ್ಲಿದೆ. ಮೇಲೆ ಹೇಳಿದ ಚೌಕಟ್ಟು ಬಹುಪಾಲು ಅಲ್ಲಿಗೂ ಬಂದಿದೆ. ಚಾಲ್ತಿಯಲ್ಲಿರುವ ಎಷ್ಟೋ ಪಾಲಿಸಿಗಳು 1923ರ ಕಾಯ್ದೆಯ ಹೆಸರನ್ನೇ ಹೊತ್ತಿವೆ. ರದ್ದಾದ ಕಾಯ್ದೆಯ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾಯ್ದೆಯ ಉಲ್ಲೇಖವೆಂದು ಓದಬೇಕೆಂಬ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 8ನೇ ಕಲಂ ಮಾಲೀಕನ ವಾದಕ್ಕೆ ಆಧಾರವಾಗಬಹುದು. ಆದರೆ ಸಂಹಿತೆ ಒಂದನ್ನು ಹೊಸದಾಗಿ ಬರೆದಿದೆ: ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ನಂಟಿದ್ದರೆ ಅದೂ ಕೆಲಸದ ಅಪಘಾತವೇ. 2025ರ ಜುಲೈನಲ್ಲಿ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಬರುತ್ತ ದಾರಿಯಲ್ಲಿ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯಡಿಯೂ ಇದೇ ಅರ್ಥ ಮಾಡಿತು. ಪಾಲಿಸಿಯಲ್ಲಿ 'ಆವರಣದೊಳಗೆ' ಎಂದು ಸ್ಥಳವನ್ನು ಕಟ್ಟಿಹಾಕಿದ್ದರೆ ಈ ದಾರಿಯ ಅಪಘಾತ ಅದರ ಹೊರಗೆ ಬೀಳುವ ಅಪಾಯವಿದೆ. ನವೀಕರಣದ ಪ್ರೀಮಿಯಂ ಕಟ್ಟುವ ಮೊದಲು ಸಂಹಿತೆಯ ಹೆಸರನ್ನೂ ಪ್ರಯಾಣದ ಅಪಘಾತವನ್ನೂ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಲಗತ್ತಿಸುವ ತಿದ್ದುಪಡಿ) ಮೂಲಕ ಸೇರಿಸಿ ಕೊಡುವಂತೆ ಕಂಪನಿಯನ್ನು ಲಿಖಿತವಾಗಿಯೇ ಕೇಳಬೇಕು, ಉತ್ತರವನ್ನೂ ಲಿಖಿತವಾಗಿಯೇ ಪಡೆಯಬೇಕು.